ಇಲಿಗಳಲ್ಲಿ ಅಡಗಿರುವ ವೈರಸ್ಸುಗಳ ಶೋಧನೆ ವ್ಯರ್ಥವೆ?

ರೋಗವು ಹಬ್ಬಿದ ಮೇಲೆ ಅದರ ಮೂಲವನ್ನು ಅರಸುವುದು ನಮ್ಮ ರೂಢಿ. ಕಾಡುಮೇಡುಗಳ ಇಲಿಗಳಲ್ಲಿ ಯಾವ ವೈರಸ್ಸುಗಳಿವೆಯೆಂದು ಹುಡುಕಲು ಹಣ ಬೇಡಿದರೆ, "ಇಲಿಗೇ ಕಾಯಿಲೆಯಿಲ್ಲದಿರುವಾಗ ಈ ಶ್ರಮವೇಕೆ?" ಎಂಬ ಪ್ರಶ್ನೆ ಏಳುವುದುಂಟು. 1993ರ ಒಂದು ಪ್ರಸಂಗವು ಇದಕ್ಕೆ ತಕ್ಕ ಉತ್ತರವನ್ನೀಯುತ್ತದೆ.

ಅಮೆರಿಕದ ನ್ಯೂ ಮೆಕ್ಸಿಕೊ, ಅರಿಜೋನ, ಕೊಲರಾಡೊ, ಯೂಟಾ ಸಂಸ್ಥಾನಗಳು ಕೂಡುವ ಪ್ರದೇಶದಲ್ಲಿ ಆ ವರ್ಷ ದೃಢಕಾಯರಾದ ತರುಣರು ಜ್ವರ ಬಂದ ಕೆಲವೇ ದಿನಗಳಲ್ಲಿ, ಶ್ವಾಸಕೋಶಗಳಲ್ಲಿ ದ್ರವ ತುಂಬಿ ಮಡಿದರು. ರೋಗಿಗಳ ರಕ್ತದಲ್ಲಿದ್ದ ಪ್ರತಿಕಾಯಗಳು ಹಂಟಾವೈರಸ್ಸುಗಳ ಸುಳಿವು ಕೊಟ್ಟುವು. ಆ ಕುಲದ ವೈರಸ್ಸೊಂದನ್ನು ಕೊರಿಯದ ಹೋ ವಾಂಗ್ ಲೀ ಅವರು 1976ರಲ್ಲಿಯೇ ಹೊಲದ ಇಲಿಯ ಶ್ವಾಸಕೋಶದಲ್ಲಿ ಗುರುತಿಸಿದ್ದರು. ಅದರ ಬಂಧುಗಳ ಆನುವಂಶಿಕ ರಚನೆಯೂ ತಿಳಿದಿತ್ತು. ಆ ಅರಿವಿನ ಬಲದಿಂದ ವಿಜ್ಞಾನಿಗಳು ಹೊಸ ವೈರಸ್ಸಿನ ಆರ್‌ಎನ್‌ಎ ತುಣುಕನ್ನು ಡಿಎನ್‌ಎಗೆ ನಕಲಿಸಿ, ಅದನ್ನು ಅಸಂಖ್ಯ ಪ್ರತಿಗಳಾಗಿ ಹೆಚ್ಚಿಸಿ, ಅದರ ಘಟಕಗಳ ಕ್ರಮವನ್ನು ಓದಿದರು. ರೋಗಿಗಳಲ್ಲಿ ಕಂಡ ಕ್ರಮವೇ ಅವರ ಮನೆಗಳ ಸುತ್ತ ಹಿಡಿದ 'ಡೀರ್ ಮೌಸ್' ಎಂಬ ಇಲಿಗಳಲ್ಲಿಯೂ ದೊರೆಯಿತು. ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಸಾಧ್ಯವಾದದ್ದು ತಿಂಗಳುಗಳ ಅನಂತರ. ವಸ್ತುಸಂಗ್ರಹಾಲಯಗಳಲ್ಲಿ ಹಿಂದೆಯೇ ಘನೀಭವಿಸಿಟ್ಟಿದ್ದ ಇಲಿಗಳ ಅಂಗಾಂಶಗಳಲ್ಲಿಯೂ ಅದರ ಕುರುಹು ಸಿಕ್ಕಿತು. ವೈರಸ್ಸು ಹೊಸದಲ್ಲ, ಅದರ ಪರಿಚಯ ಮಾತ್ರ ಹೊಸದು.

ನಮ್ಮ ನೆರೆಯಲ್ಲಿಯೂ ಇಂತಹ ನಿದರ್ಶನವುಂಟು. 1964ರಲ್ಲಿ ವೆಲ್ಲೂರಿನ ಬಳಿ ಸುಂಡಿಲಿಯೊಂದರಿಂದ ತೊಟ್ಟಪಾಳಯಂ ವೈರಸ್ಸನ್ನು ಬೇರ್ಪಡಿಸಲಾಯಿತು. ಸುಂಡಿಲಿ ದಂಶಕ ವರ್ಗಕ್ಕೆ ಸೇರಿದುದಲ್ಲ. ಆದರೂ ಅದರಲ್ಲಿದ್ದುದು ಹಂಟಾವೈರಸ್ಸೆಂದು ಬಹುಕಾಲದ ಮೇಲೆ ತಿಳಿಯಿತು. ಅಂದು ಮಾದರಿಯನ್ನು ಕಾಪಾಡಿದ್ದರಿಂದಲೇ ಮುಂದಿನವರಿಗೆ ಅದನ್ನು ಅರಿಯಲು ಸಾಧ್ಯವಾಯಿತು.

ಆದುದರಿಂದ ಇಲಿಗಳ ಸಮೀಕ್ಷೆ ನಿಯತವಾಗಿ ನಡೆಯಬೇಕು, ಮಾದರಿಗಳನ್ನು ಜೋಪಾನವಾಗಿಡಬೇಕು. ಆದರೆ ಒಂದು ಎಚ್ಚರಿಕೆ ಅಗತ್ಯ. ಆನುವಂಶಿಕ ತುಣುಕೊಂದು ಸಿಕ್ಕಿದ ಮಾತ್ರಕ್ಕೆ ಆ ವೈರಸ್ಸು ಮನುಷ್ಯನಿಗೆ ರೋಗ ತರುವುದೆಂದು ಸಿದ್ಧವಾಗುವುದಿಲ್ಲ. ಅದನ್ನು ನಿರ್ಣಯಿಸಲು ರೋಗಿಗಳ ಪರೀಕ್ಷೆಯೂ ಜೊತೆಗೂಡಬೇಕು. ಇಲ್ಲವಾದರೆ ಭೀತಿ ಹಬ್ಬೀತು, ಜ್ಞಾನ ಬೆಳೆಯದು.

ಅರಿವಿನ ಫಲ ಎಷ್ಟು ಸರಳವಾಗಿರಬಹುದೆಂಬುದನ್ನು ನೋಡಿ: ಹಂಟಾವೈರಸ್ಸು ಇಲಿಗಳ ಮೂತ್ರ, ಹಿಕ್ಕೆಗಳು ಬೆರೆತ ಧೂಳಿನ ಮೂಲಕ ಉಸಿರಿನೊಡನೆ ಒಳಸೇರುತ್ತದೆ. ಆದುದರಿಂದ ಇಲಿ ಬೀಡುಬಿಟ್ಟಿದ್ದ ಕೋಣೆಯನ್ನು ಒಣಗಿದಂತೆಯೇ ಗುಡಿಸದೆ, ಮೊದಲು ಕ್ರಿಮಿನಾಶಕ ದ್ರವದಿಂದ ತೋಯಿಸಿ ಒರೆಸಬೇಕು. ಇಷ್ಟನ್ನು ಜನರಿಗೆ ಮೊದಲೇ ಹೇಳಬಲ್ಲೆವಾದರೆ, ಇಲಿಗಳನ್ನು ಪರೀಕ್ಷಿಸಲು ತಗಲುವ ವೆಚ್ಚ ದುಬಾರಿಯೆ?