ಹೆಸರೊಂದೇ, ಮದ್ದು ಎರಡು

ಆಂಫೊಟೆರಿಸಿನ್-ಬಿ ಎಂಬ ಹೆಸರು 2021ರ ಮೇ ತಿಂಗಳಿನಲ್ಲಿ ನಮ್ಮ ದೇಶದ ಮನೆಮನೆಗೂ ಪರಿಚಿತವಾಯಿತು. ಕೋವಿಡಿನಿಂದ ಎದ್ದವರನ್ನು, ಅವರಲ್ಲಿಯೂ ಮಧುಮೇಹಿಗಳನ್ನು, 'ಕಪ್ಪು ಶಿಲೀಂಧ್ರ'ವು ಹಿಡಿದಾಗ ಬಂಧುಗಳು ಈ ಸೂಜಿಮದ್ದಿಗಾಗಿ ಊರೂರು ಅಲೆದರು. (ಶಿಲೀಂಧ್ರವೇನೂ ಕಪ್ಪಲ್ಲ, ಅದು ರಕ್ತನಾಳಗಳನ್ನು ಮುಚ್ಚಲು, ರಕ್ತ ಕಾಣದೆ ಸತ್ತ ಮಾಂಸವು ಕಪ್ಪಾಗುತ್ತದೆ.) ಆದರೆ ಆ ಒಂದು ಹೆಸರಿನಲ್ಲಿ ಮಾರಾಟವಾಗುವ ಮದ್ದು ವಾಸ್ತವವಾಗಿ ಒಂದಲ್ಲವೆಂಬುದನ್ನು ಜನರಿಗೆ ತಿಳಿಸಬೇಕಾದುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ವೆನೆಜುವೆಲಾದ ಒರಿನೋಕೊ ನದೀಪ್ರದೇಶದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ 1950ರ ದಶಕದಲ್ಲಿ ಈ ವಸ್ತುವನ್ನು ಬೇರ್ಪಡಿಸಲಾಯಿತು. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇರುತ್ತದೆ. ಮದ್ದು ಅದಕ್ಕೆ ಅಂಟಿಕೊಂಡು ಪೊರೆಯನ್ನು ಕೆಡಿಸಲು, ಒಳಗಿನ ಪೊಟಾಸಿಯಂ ಮೊದಲಾದುವು ಸೋರಿಹೋಗುತ್ತವೆ. ನಮ್ಮ ಪೊರೆಗಳಲ್ಲಿರುವುದು ಅದರ ದಾಯಾದಿಯಾದ ಕೊಲೆಸ್ಟೆರಾಲ್. ಮದ್ದು ಅದನ್ನೂ ಅಷ್ಟಿಷ್ಟು ಹಿಡಿಯುವುದರಿಂದ ರೋಗಿಯ ಮೂತ್ರಪಿಂಡಗಳಿಗೆ ಕೇಡು ತಪ್ಪದು.

ಇದಕ್ಕೆ ದೊರೆತ ಪರಿಹಾರವು ರಸಾಯನಶಾಸ್ತ್ರಕ್ಕಿಂತ ಭೌತಶಾಸ್ತ್ರಕ್ಕೆ ಹತ್ತಿರವೆಂದರೆ ನಮ್ಮದು ಸ್ವಪಕ್ಷಪಾತವೆನ್ನಬಾರದು. ಅಣುವನ್ನು ಬದಲಿಸಲೇ ಇಲ್ಲ. ಕೊಬ್ಬಿನ ಪುಟ್ಟ ಗುಳ್ಳೆಗಳ ಗೋಡೆಯಲ್ಲಿ ಅದನ್ನು ಹೆಣೆದರು. ಗುಳ್ಳೆಯ ವ್ಯಾಸ 100 ನ್ಯಾನೋಮೀಟರಿಗೂ ಕಡಮೆ, ಅಂದರೆ ನೇರಿಳೆ ಬೆಳಕಿನ ಅಲೆಯುದ್ದದ ಕಾಲುಭಾಗದಷ್ಟೂ ಇಲ್ಲ. ಈ ಲೈಪೋಸೋಮಲ್ ರೂಪಕ್ಕೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ದೊರೆಯಿತು. ಅಲ್ಲಿನ ಒಪ್ಪಿತ ಉಪಯೋಗಗಳಲ್ಲಿ ಬಿಹಾರಕ್ಕೆ ಚಿರಪರಿಚಿತವಾದ ಕಾಲಾ ಅಜಾರ್ ಕೂಡ ಸೇರಿದೆ. ಅದು ಶಿಲೀಂಧ್ರರೋಗವೇ ಅಲ್ಲ! ಆದರೆ ಅದನ್ನುಂಟುಮಾಡುವ ಪರೋಪಜೀವಿಯ ಪೊರೆಯಲ್ಲಿಯೂ ಎರ್ಗೊಸ್ಟೆರಾಲಿನ ಜಾತಿಯ ವಸ್ತುವೇ ಇದೆ.

ಅಪಾಯವಿರುವುದು ಅಳತೆಯಲ್ಲಿ. ಲೈಪೋಸೋಮಲ್ ರೂಪವನ್ನು ದಿನಕ್ಕೆ ದೇಹತೂಕದ ಕಿಲೋಗ್ರಾಮೊಂದಕ್ಕೆ ಸಾಮಾನ್ಯವಾಗಿ 3ರಿಂದ 5 ಮಿಲಿಗ್ರಾಂ ಕೊಡುತ್ತಾರೆ. ಹಳೆಯ ರೂಪವಾದರೋ 1.5 ಮಿಲಿಗ್ರಾಮನ್ನು ಮೀರಕೂಡದು. ಮೀರಿದರೆ ಹೃದಯವೇ ನಿಲ್ಲಬಹುದು. ಎರಡೂ 50 ಮಿಲಿಗ್ರಾಂ ಸೀಸೆಗಳಲ್ಲಿ ಬರುತ್ತವೆ. ಹೊಸದರ ಬೆಲೆ ಹಳೆಯದಕ್ಕಿಂತ ಬಹಳ ಹೆಚ್ಚಾದುದರಿಂದ, ಒಂದಿಲ್ಲದಾಗ ಇನ್ನೊಂದನ್ನು ಕೊಂಡುಬರುವ ಪ್ರಸಂಗ ಒದಗುವುದು ಸಹಜ.

ವೈದ್ಯರೂ ಔಷಧಿ ಅಂಗಡಿಯವರೂ ಇದನ್ನು ಬಲ್ಲರು, ಸಾಮಾನ್ಯರಿಗೇಕೆ ಈ ಉಸಾಬರಿ ಎಂದು ಕೇಳುವವರುಂಟು. ಅಭಾವದ ದಿನಗಳಲ್ಲಿ ಚೀಟಿ ಹಿಡಿದು ಓಡುವವರು ಸಾಮಾನ್ಯರೇ ಅಲ್ಲವೆ? ಆದುದರಿಂದ ಮದ್ದಿನ ಪೆಟ್ಟಿಗೆಯ ಮೇಲೆ ರೂಪದ ಹೆಸರು ಮದ್ದಿನ ಹೆಸರಿಗಿಂತ ಮೊದಲು, ಅದರಷ್ಟೇ ದಪ್ಪ ಅಕ್ಷರಗಳಲ್ಲಿ ಅಚ್ಚಾಗಬೇಕು; ನಮ್ಮ ರಾಜ್ಯದಲ್ಲಿ ಆ ಒಂದು ಪದವಾದರೂ ಪೆಟ್ಟಿಗೆಯ ಮೇಲೆಯೂ ವೈದ್ಯರ ಚೀಟಿಯಲ್ಲಿಯೂ ಕನ್ನಡದಲ್ಲಿರಬೇಕು.