ಭಾಗ 3: ಕೀ ಎಲ್ಲಿಟ್ಟಿದ್ರಿ?

ನಮ್ಮ ಬೀದಿಯಲ್ಲಿ ಕಳ್ಳತನ ಆಯ್ತು. ಮೊದಲ ಅನುಮಾನ ಯಾರ ಮೇಲೆ? ಪಾತ್ರೆ ತೊಳೆಯೋ ಅಕ್ಕನ ಮೇಲೆ. ಬ್ಯಾಗ್ ತಡಕಾಡಿದ್ರು, ಏನೂ ಸಿಗಲಿಲ್ಲ. ಕೆಲಸ ಮಾತ್ರ ಹೋಯ್ತು.

ಈಗ ಆ ಮನೆಯವರ ಲೆಕ್ಕ ನೋಡಿ (ಬಿಕಾಂ ಬುದ್ಧಿ, ಬಿಡಲ್ಲ). ಗೋಕರ್ಣದ ಬೀಚಿಂದಾನೇ ಸ್ಟೋರಿ, ಲೊಕೇಶನ್ ಟ್ಯಾಗ್, "ಫುಲ್ ಫ್ಯಾಮಿಲಿ, 4 ದಿನ". ಬಾಗಿಲಲ್ಲಿ ರಂಗೋಲಿ ಇಲ್ಲ, ಪೇಪರ್ ರಾಶಿ, ಹಗಲಲ್ಲೂ ಉರಿಯೋ ಲೈಟು. ಕೀ? ಚಪ್ಪಲಿ ಸ್ಟ್ಯಾಂಡಲ್ಲಿ. ಕಳ್ಳನಿಗೆ ಕಾಫಿ ಒಂದು ಮಾಡಿಟ್ಟಿರ್ಲಿಲ್ಲ ಅಷ್ಟೇ.

ನೀವೂ ಮಾಡೋದು ಇದೇ ತಾನೇ ಗುರೂ? ಫೋಟೋ ವಾಪಸ್ ಬಂದ್ಮೇಲೆ ಹಾಕಿ, ಸಮುದ್ರ ಎಲ್ಲೂ ಓಡಿಹೋಗಲ್ಲ. ಒಡವೆ ಬ್ಯಾಂಕ್ ಲಾಕರ್‌ಗೆ. ಪೇಪರ್ ಎತ್ತಿಡೋಕೆ ಪಕ್ಕದ್ಮನೆ ಆಂಟಿಗೆ ಹೇಳಿ; ಮನೆಗೆ ಬೀಗ ಹಾಕಿದೀವಿ ಅಂತ ಠಾಣೆಗೂ ತಿಳಿಸಿ, ಬೀಟ್ ಪೊಲೀಸರಿಗೆ ಗೊತ್ತಿರ್ಲಿ. ಅದು ಬಿಟ್ಟು ಇನ್ನೊಬ್ರ ಬ್ಯಾಗಿಗೆ ಕೈ ಹಾಕ್ತೀರಲ್ಲ, ನಾಚಿಕೆ ಆಗ್ಬೇಕು.

ಅಕ್ಕನಿಗೆ ಇನ್ನೂ ಬೇರೆ ಕೆಲಸ ಸಿಕ್ಕಿಲ್ಲ. ಯಾರಿಗಾದ್ರೂ ಬೇಕಿದ್ರೆ ಡಿಎಂ ಮಾಡಿ.