ಒಂದೇ ಒಲೆಯ ಅನ್ನ ಉಂಡವರಲ್ಲಿ ಒಬ್ಬರಿಗೇ ಏಕೆ ನೆಗಡಿ?

ಕಳೆದ ಮಾಗಿಯಲ್ಲಿ ಶಿವಾನುಭವ ಗೋಷ್ಠಿಯೊಂದರ ನಿಮಿತ್ತ ಮಳವಳ್ಳಿ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆವು. ಪ್ರಸಾದಕ್ಕೆ ಕರೆದಿದ್ದ ಮನೆ ತುಂಬಿದ ಮನೆ. ಮಗ್ಗುಲಲ್ಲೇ ಹಿಪ್ಪುನೇರಳೆ ತೋಟ, ಹಿತ್ತಲಲ್ಲಿ ರೇಷ್ಮೆಯ ಹುಳುಮನೆ. ಊಟಕ್ಕೆ ಕುಳಿತಾಗ ಮನೆಯ ಹಿರಿಯ ತಾಯಿ ಒಂದು ಪ್ರಶ್ನೆ ಮುಂದಿಟ್ಟರು. “ಅಯ್ಯನವರೇ, ನೀವು ಓದಿದವರು. ಇಬ್ಬರು ಸೊಸೆಯರಿಗೂ ಒಂದೇ ಒಲೆಯ ಅನ್ನ, ಒಂದೇ ಬಾವಿಯ ನೀರು. ಕಿರಿಯವಳು ವರ್ಷಕ್ಕೊಮ್ಮೆ ಸೀನಿದರೆ ಹೆಚ್ಚು. ಹಿರಿಯವಳ ಮೂಗು ಒಣಗಿದ ದಿನವೇ ಇಲ್ಲ. ಅವಳದು ಶೀತದ ಮೈ. ಮೊಸರು ಬಿಡಿಸಿದೆವು, ಬಾಳೆಹಣ್ಣು ಬಿಡಿಸಿದೆವು, ಎಳನೀರು ಮುಟ್ಟಗೊಡುವುದಿಲ್ಲ. ಆದರೂ ಹೀಗೇ.” ಬಡಿಸುತ್ತಿದ್ದ ಆ ಹಿರಿಯ ಸೊಸೆ ಮಾತು ಕೇಳಿಸಿಯೂ ಕೇಳಿಸದಂತೆ ಒಳಗೆ ಹೋದಳು.

ನಾವು “ಎಲ್ಲವೂ ಪ್ರಕೃತಿಭೇದ, ತಾಯಿ” ಎಂದು ಹೇಳಿ ಕೈತೊಳೆದೆವು. ಪಂಡಿತರೆನಿಸಿಕೊಂಡವರು ಉತ್ತರ ತಿಳಿಯದಾಗ ಆಡುವ ಮಾತು ಅದು. ಹಿಂದಿರುಗುವ ದಾರಿಯುದ್ದಕ್ಕೂ ಆ ಮಾತು ನಮ್ಮನ್ನೇ ಚುಚ್ಚಿತು. ಒಬ್ಬ ಹೆಣ್ಣುಮಗಳ ತಟ್ಟೆಯಿಂದ ಒಂದೊಂದೇ ಪದಾರ್ಥ ಜಾರಿಹೋಗುತ್ತಿರುವಾಗ ನಾವು ಅದಕ್ಕೆ ಶಾಸ್ತ್ರದ ಮುದ್ರೆಯೊತ್ತಿ ಬಂದಿದ್ದೆವು. ಆದುದರಿಂದ ಮನೆಗೆ ಬಂದವರು ಈ ವಿಷಯವನ್ನು ಕುಳಿತು ಓದಿದೆವು, ಬಲ್ಲ ವೈದ್ಯರನ್ನು ಕೇಳಿದೆವು. ತಿಳಿದದ್ದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ಹಳೆಯ ಗ್ರಂಥವನ್ನೇ ತೆರೆದೆವು. ನೆಗಡಿಗೆ ಆಯುರ್ವೇದದಲ್ಲಿ ಪ್ರತಿಶ್ಯಾಯವೆಂದು ಹೆಸರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ತ್ರಿಮರ್ಮೀಯವೆಂಬ 26ನೆಯ ಅಧ್ಯಾಯದಲ್ಲಿ ಇದರ ಕಾರಣಗಳ ಪಟ್ಟಿಯಿದೆ. ತಣ್ಣೀರು ಅಲ್ಲಿದೆ, ಇಬ್ಬನಿಯೂ ಇದೆ. ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಪಟ್ಟಿಯಲ್ಲಿ ಧೂಳು, ಹೊಗೆ, ರಾತ್ರಿಯ ಜಾಗರಣೆ, ಅಜೀರ್ಣ, ಕೋಪ, ಕಣ್ಣೀರು ಇವೂ ಇವೆ. ನಮ್ಮ ಮನೆಗಳು ಆ ಪಟ್ಟಿಯಿಂದ ಶೀತವೊಂದನ್ನೇ ನೆನಪಿಟ್ಟುಕೊಂಡು ಉಳಿದುದನ್ನು ಮರೆತುಬಿಟ್ಟವು. ಏಕೆಂದು ಯೋಚಿಸಿದರೆ ನಾಚಿಕೆಯಾಗುತ್ತದೆ. ಶೀತ ಪದಾರ್ಥ ಬಿಡಿಸಿದರೆ ನಷ್ಟ ರೋಗಿಯೊಬ್ಬಳಿಗೇ. ಹೊಗೆ, ಧೂಳು, ಜಾಗರಣೆಗಳನ್ನು ಬಿಡಿಸಬೇಕಾದರೆ ಮನೆಯವರೆಲ್ಲರೂ ಬದಲಾಗಬೇಕು.

ಇನ್ನು ಆಧುನಿಕ ವೈದ್ಯದ ಮಾತು. ನೆಗಡಿಯನ್ನು ತರುವುದು ವೈರಸ್ಸುಗಳು. ಅಂಥವು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಮುಖ್ಯವಾದ ರೈನೋವೈರಸ್ ಒಂದರಲ್ಲೇ 160ಕ್ಕೂ ಮಿಗಿಲಾದ ಬಗೆಗಳುಂಟು. ಒಂದು ಬಗೆಯನ್ನು ಗೆದ್ದ ದೇಹ ಇನ್ನೊಂದಕ್ಕೆ ಹೊಸದಾಗಿಯೇ ಹೋರಾಡಬೇಕು. ದೊಡ್ಡವರು ಎಷ್ಟೋ ಬಗೆಗಳನ್ನು ಆಗಲೇ ಕಂಡಿರುವುದರಿಂದ ಅವರಿಗೆ ವರ್ಷಕ್ಕೆ ಎರಡು ಮೂರು ಬಾರಿ ಬಂದರೆ, ಏನನ್ನೂ ಕಾಣದ ಎಳೆಯ ಮಕ್ಕಳಿಗೆ ಆರರಿಂದ ಎಂಟು ಬಾರಿ ಬರುವುದು ಸಹಜ. ಅಂಗನವಾಡಿಗೆ ಹೋಗತೊಡಗಿದ ಮಗುವಿನ ಮೂಗು ಸೋರಿದರೆ “ತಾಯಿಯ ಹಾಲಿನಲ್ಲಿ ಸತ್ವವಿಲ್ಲ” ಎನ್ನುವ ಅಜ್ಜಿಯರು ಇದನ್ನು ದಯವಿಟ್ಟು ಗಮನಿಸಬೇಕು.

ಹಾಗಾದರೆ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಏಕೆ? ಮೊದಲನೆಯದು ಸಂಪರ್ಕ. ನಾವು ಬಾಲ್ಯದಲ್ಲಿ ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳೆದವರು. ಒಬ್ಬ ಹುಡುಗ ಸೀನಿದರೆ ವಾರದೊಳಗೆ ಚಾಪೆಯ ಸಾಲಿನ ಅರ್ಧ ಜನ ಸೀನುತ್ತಿದ್ದರು. ಸೀನಿನ ಹನಿಯಿಂದ, ಮೂಗು ಒರೆಸಿದ ಕೈಯಿಂದ, ಆ ಕೈ ಮುಟ್ಟಿದ ಲೋಟದಿಂದ ಅದು ಹರಡುತ್ತದೆ. ಯಾರು ಹೆಚ್ಚು ಮಕ್ಕಳ ಮೂಗು ಒರೆಸುವರೋ ಅವರಿಗೆ ಹೆಚ್ಚು ನೆಗಡಿ.

ಎರಡನೆಯದು ದೇಹದ ಕಾವಲು. ನೆಗಡಿಯ ಅಧ್ಯಯನಕ್ಕೆಂದೇ ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ 1946ರಿಂದ ಒಂದು ಕೇಂದ್ರವಿತ್ತು. ಅಲ್ಲಿ 394 ಆರೋಗ್ಯವಂತರು ತಾವೇ ಒಪ್ಪಿ ಮೂಗಿಗೆ ವೈರಸ್ಸಿನ ಹನಿ ಹಾಕಿಸಿಕೊಂಡರು. ಆ ಪರೀಕ್ಷೆಯ ಫಲಿತಾಂಶವನ್ನು ಶೆಲ್ಡನ್ ಕೊಹೆನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ 1991ರಲ್ಲಿ ಪ್ರಕಟಿಸಿದರು. ವೈರಸ್ಸು ಎಲ್ಲರ ಮೂಗಿಗೂ ಬಿದ್ದಿತ್ತು. ಆದರೆ ಮನಸ್ಸಿನ ಒತ್ತಡ ಅತ್ಯಂತ ಕಡಿಮೆಯಿದ್ದವರಲ್ಲಿ ನೂರಕ್ಕೆ ಸುಮಾರು 27 ಜನರಿಗೆ, ಅತಿ ಹೆಚ್ಚಿದ್ದವರಲ್ಲಿ ಸುಮಾರು 47 ಜನರಿಗೆ ನೆಗಡಿಯಾಯಿತು. ಅದೇ ವಿದ್ವಾಂಸರ ಬಳಗ ಮುಂದೆ ಅಮೆರಿಕದಲ್ಲಿ 153 ಜನರ ನಿದ್ರೆಯನ್ನು 14 ದಿನ ಕೇಳಿ ಬರೆದುಕೊಂಡು, ಆಮೇಲೆ ಹನಿ ಹಾಕಿತು. ಎಂಟು ಗಂಟೆ ಅಥವಾ ಹೆಚ್ಚು ಮಲಗುವವರಿಗಿಂತ ಏಳು ಗಂಟೆಗೂ ಕಡಿಮೆ ಮಲಗುವವರಿಗೆ ನೆಗಡಿಯಾಗುವ ಸಂಭವ ಸುಮಾರು ಮೂರು ಪಟ್ಟು ಎಂದು 2009ರಲ್ಲಿ ಪ್ರಕಟವಾಯಿತು. ಜಾಗರಣೆಯೆಂದು ಚರಕ ಹೇಳಿದ್ದನ್ನೇ ಇವರು ಎಣಿಸಿ ತೋರಿಸಿದರು.

ಇನ್ನೊಂದು ಪರೀಕ್ಷೆ ನಮ್ಮ ಮನಸ್ಸನ್ನು ಮುಟ್ಟಿತು. 1997ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 276 ಜನರಿದ್ದರು. ಬಂಧುಗಳು, ನೆರೆಯವರು, ಗೆಳೆಯರು, ಸಂಘದವರು ಎಂದು ಆರು ಅಥವಾ ಹೆಚ್ಚು ಬಗೆಯ ಬಳಕೆಯುಳ್ಳವರಿಗಿಂತ, ಮೂರೇ ಬಗೆಯ ಅಥವಾ ಅದಕ್ಕೂ ಕಡಿಮೆ ಬಳಕೆಯುಳ್ಳವರಿಗೆ ನೆಗಡಿಯ ಸಂಭವ ನಾಲ್ಕು ಪಟ್ಟಿಗೂ ಮಿಕ್ಕಿತ್ತು. ಮಕ್ಕಳು ಬೆಂಗಳೂರು ಸೇರಿ, ಹಳ್ಳಿಯ ಹಿರಿಮನೆಯಲ್ಲಿ ಒಂಟಿಯಾಗಿ ದೀಪ ಹಚ್ಚುವ ವೃದ್ಧರು ನಮ್ಮ ಸಮಾಜದಲ್ಲಿ ಎಷ್ಟು ಮಂದಿ! ಅವರಿಗೆ ಕಷಾಯದಷ್ಟೇ ಮಾತೂ ಮದ್ದು.

ಹುಟ್ಟುಗುಣಕ್ಕೆ ಪಾಲೇ ಇಲ್ಲವೇ? ಇದೆ. ಒಂದು ಬಗೆಯ ರೈನೋವೈರಸ್ಸು ಕೆಲವರ ದೇಹವನ್ನು ಸುಲಭವಾಗಿ ಹೊಗಲು ಒಂದು ವಂಶವಾಹಿಯ ಭೇದ ಕಾರಣವೆಂದು 2015ರಲ್ಲಿ ತಿಳಿದುಬಂದಿದೆ. ಚಳಿಗೂ ಪಾಲಿದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟ 90 ಜನರಲ್ಲಿ 13 ಮಂದಿ ಮುಂದಿನ ನಾಲ್ಕೈದು ದಿನಗಳಲ್ಲಿ ನೆಗಡಿಯಾಯಿತೆಂದರು. ಕಾಲಿಡದ 90 ಜನರಲ್ಲಿ ಹಾಗೆಂದವರು 5 ಮಂದಿ. ಮೈಯಲ್ಲಿ ಆಗಲೇ ಅಡಗಿದ್ದ ವೈರಸ್ಸನ್ನು ಚಳಿ ಎಬ್ಬಿಸಿತೆಂದು ಅವರ ಊಹೆ. ವೈರಸ್ಸೇ ಇಲ್ಲದ ಕಡೆ ಚಳಿ ತಾನಾಗಿ ನೆಗಡಿಯನ್ನು ಹುಟ್ಟಿಸಲಾರದು.

ಇಷ್ಟು ತಿಳಿದ ಮೇಲೆ ಆ ಮನೆಯನ್ನು ಮನಸ್ಸಿನಲ್ಲಿ ಮತ್ತೊಮ್ಮೆ ನೋಡಿದೆವು. ಕಿರಿಯ ಸೊಸೆ ಬೆಳಿಗ್ಗೆ ಮಂಡ್ಯದ ಕಚೇರಿಗೆ ಹೊರಟು ಸಂಜೆ ಬರುವವಳು. ಹಿರಿಯವಳು ನಸುಕಿನ ನಾಲ್ಕೂವರೆಗೆ ಎದ್ದು ಹಂಡೆಯ ಒಲೆಗೆ ಸೌದೆಯಿಟ್ಟು ಊದುವವಳು. ಮನೆಯ ಮೂರೂ ಮಕ್ಕಳ ಮೂಗನ್ನು ತನ್ನ ಸೆರಗಿನಿಂದಲೇ ಒರೆಸಿ, ಅದೇ ಸೆರಗಿನಲ್ಲಿ ಮುಖ ಒರೆಸಿಕೊಂಡು ದಿನ ಕಳೆಯುವವಳು. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಮೇಲೆ ಚಂದ್ರಿಕೆಗೆ ಏರುವವರೆಗೂ ನಡುರಾತ್ರಿ ಎದ್ದು ಸೊಪ್ಪು ಹಾಕುವವಳೂ ಅವಳೇ. ಸಂಪರ್ಕ, ಹೊಗೆ, ಜಾಗರಣೆ ಮೂರೂ ಅವಳ ಪಾಲಿಗೆ. ಒಂದೇ ಅನ್ನವೆಂಬುದು ನಿಜ, ಒಂದೇ ಬದುಕಲ್ಲ. ಎಲ್ಲರ ಸೇವೆ ಮಾಡಿದ ಫಲವಾಗಿ ಬಂದುದನ್ನು ಮನೆಯವರು “ಶೀತದ ಮೈ” ಎಂದು ಅವಳ ದೋಷವನ್ನಾಗಿ ಮಾಡಿದ್ದರು. ನಾವು ಅದನ್ನು “ಪ್ರಕೃತಿಭೇದ” ಎಂದು ಸಂಸ್ಕೃತದಲ್ಲಿ ಹೇಳಿದ್ದೆವು, ಅಷ್ಟೆ.

ಪಥ್ಯದ ಮಾತಿಗೂ ಬರೋಣ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಹೊರರಾಜ್ಯಗಳಿಗೆ ಲಾರಿಗಳು ಹೊರಡುತ್ತವೆ; ಅಲ್ಲಿ ರೋಗಿಗಳು ಅದನ್ನು ಕುಡಿದು ಚೇತರಿಸಿಕೊಳ್ಳುತ್ತಾರೆ. ಅದೇ ಮದ್ದೂರು ಸೀಮೆಯಲ್ಲಿ ಮೂಗು ಸೋರುವ ಮಗುವಿಗೆ ಎಳನೀರು ನಿಷಿದ್ಧ! ಎಳನೀರಿನಲ್ಲಾಗಲಿ, ಬಾಳೆಹಣ್ಣಿನಲ್ಲಾಗಲಿ, ಮಜ್ಜಿಗೆಯಲ್ಲಾಗಲಿ ವೈರಸ್ಸು ಹುಟ್ಟುವುದಿಲ್ಲ. ಒಬ್ಬರಿಗೆ ಒಂದು ಪದಾರ್ಥ ಒಗ್ಗದಿದ್ದರೆ ಆ ದಿನ ಬಿಡಲಿ. ವರ್ಷಗಟ್ಟಲೆ ಬಿಡಿಸಿದರೆ ದೇಹ ಸೊರಗುವುದೇ ಹೊರತು ನೆಗಡಿ ಸೊರಗದು.

ಇನ್ನೊಂದು ಸಂಗತಿಯುಂಟು. ಬಿಟ್ಟೂಬಿಡದೆ ಕಾಡುವುದೆಲ್ಲ ನೆಗಡಿಯಲ್ಲ. ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಜ್ವರವಿಲ್ಲದೆ, ಕಣ್ಣು ಮೂಗು ತುರಿಸುತ್ತ, ಸಾಲುಸಾಲಾಗಿ ಸೀನು ಬಂದು, ನೀರಿನಂತೆ ಸುರಿದು ವಾರಗಟ್ಟಲೆ ನಿಲ್ಲದಿದ್ದರೆ ಅದು ಅಲರ್ಜಿಯಿರಬಹುದು. ಹುಳುಮನೆಯ ಕಸ, ಹಿಕ್ಕೆ ಮತ್ತು ಧೂಳು, ಬೇಲಿಯಂಚಿನ ಪಾರ್ಥೇನಿಯಂ ಗಿಡದ ಪರಾಗ ಇವು ಅಲರ್ಜಿಯನ್ನು ತರಬಲ್ಲವು. ಹುಳುಮನೆಯ ಶುದ್ಧಿಗೆ ಬಳಸುವ ಫಾರ್ಮಲಿನ್ ಮತ್ತು ಬ್ಲೀಚಿಂಗ್ ಪುಡಿ, ಮಂಡ್ಯದ ಸುತ್ತಿನ ಆಲೆಮನೆಗಳ ಹೊಗೆ, ಗದ್ದೆಯಲ್ಲಿ ಸುಡುವ ಕಬ್ಬಿನ ಸೋಗೆಯ ಹೊಗೆ ಇವು ಮೂಗನ್ನು ಕೆರಳಿಸುತ್ತವೆ. ಮನೆಯೊಳಗೆ ಬೀಡಿ ಸಿಗರೇಟು ಸೇದುವ ಗಂಡಸರು ತಮ್ಮ ಹೊಗೆಯನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಗೃಹಸ್ಥರು ಮಾಡಬಹುದಾದುದು ಇಷ್ಟು. ಮಕ್ಕಳ ಮೂಗಿಗೆ ಸೆರಗಲ್ಲ, ಬೇರೆ ಬಟ್ಟೆಯ ತುಂಡಿರಲಿ. ಅದನ್ನು ದಿನವೂ ಒಗೆಯಿರಿ. ಒರೆಸಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಕೊರೋನಾ ಬಂದ 2020ರಲ್ಲಿ ಕಲಿತದ್ದನ್ನು ಮರೆಯದಿರಿ. ಹುಳುಮನೆ ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನೆಗಡಿಗೆಂದು ಅಂಗಡಿಯಿಂದ ಆ್ಯಂಟಿಬಯೋಟಿಕ್ ಮಾತ್ರೆ ತಂದು ನುಂಗಬೇಡಿ. ವೈರಸ್ಸಿನ ಮೇಲೆ ಅದು ನಡೆಯದು. ವಿಟಮಿನ್ ಸಿ ಮಾತ್ರೆ ದಿನವೂ ತಿಂದರೂ ಸಾಮಾನ್ಯ ಜನರಿಗೆ ನೆಗಡಿ ಬರುವ ಸಲ ಕಡಿಮೆಯಾಗದೆಂದು ಪರೀಕ್ಷೆಗಳು ಹೇಳುತ್ತವೆ. ಮಕ್ಕಳನ್ನು ಕುದಿನೀರಿನ ಪಾತ್ರೆಯ ಮುಂದೆ ಹಬೆಗೆ ಕೂರಿಸಬೇಡಿ; ಸುಟ್ಟುಕೊಳ್ಳುವ ಅಪಾಯವಿದೆ. ಉಸಿರಾಟ ವೇಗವಾದರೆ, ಎದೆ ಸೆಳೆದರೆ, ಕಿವಿ ನೋವು ಬಂದರೆ, ಹತ್ತು ದಿನ ಕಳೆದರೂ ಇಳಿಯದಿದ್ದರೆ, ಮಗು ಸದಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ವೈದ್ಯರಲ್ಲಿಗೆ ಹೋಗಿ. ಉಬ್ಬಸ ಮತ್ತು ಸಕ್ಕರೆ ಕಾಯಿಲೆಯವರು, ವೃದ್ಧರು ಇನ್ನೂ ಬೇಗ ತೋರಿಸಿಕೊಳ್ಳಬೇಕು.

ಶ್ರಾವಣದಲ್ಲಿ ಮತ್ತೆ ಆ ಮನೆಗೆ ನಾವೇ ಹೇಳಿಕಳುಹಿಸಿ ಹೋದೆವು. ಹಿರಿಯ ತಾಯಿಯ ಮುಂದೆ ಕುಳಿತು, ಅಂದು ನಾವು ಆಡಿದ ಮಾತು ತಪ್ಪೆಂದು ಒಪ್ಪಿ, ತಿಳಿದದ್ದನ್ನು ಬಿಡಿಸಿ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಇಷ್ಟು ದಿನ ಅವಳ ಮೊಸರು ಕಿತ್ತುಕೊಂಡೆನಲ್ಲ” ಎಂದರು. ಮುಂದೆ ಕೇಳಿದೆವು: ಆಕೆಯನ್ನು ಮಂಡ್ಯದಲ್ಲಿ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿದರಂತೆ, ಹುಳುಮನೆಯ ಅಲರ್ಜಿಯೂ ಸೇರಿದೆಯೆಂದು ಔಷಧ ಕೊಟ್ಟರಂತೆ. ರಾತ್ರಿಯ ಸೊಪ್ಪಿನ ಕೆಲಸವನ್ನು ಈಗ ಆಕೆಯ ಗಂಡ ಮತ್ತು ಮೈದುನ ಸರದಿಯಂತೆ ಮಾಡುತ್ತಾರಂತೆ. ನೆಗಡಿ ಪೂರ್ತಿ ನಿಂತಿಲ್ಲ. ಹಾಗೆ ನಿಲ್ಲುವಂಥದೂ ಅಲ್ಲ. ಆದರೆ ಮೂಗು ಒಣಗಿದ ದಿನಗಳು ಹೆಚ್ಚಿವೆ.

ಶರೀರವನ್ನು ಪ್ರಸಾದಕಾಯವೆಂದು ಕಂಡ ಪರಂಪರೆ ನಮ್ಮದು. ಮನೆಯಲ್ಲಿ ಪದೇ ಪದೇ ನೆಗಡಿ ಬರುವವರಿದ್ದರೆ ಅವರ ತಟ್ಟೆಯನ್ನು ನೋಡುವ ಮೊದಲು ಅವರು ಎಷ್ಟು ಗಂಟೆಗೆ ಮಲಗುತ್ತಾರೆ, ಎಷ್ಟು ಗಂಟೆಗೆ ಏಳುತ್ತಾರೆ ಎಂಬುದನ್ನು ನೋಡಿರಿ. ಕಾಯಕವನ್ನು ಹಂಚಿಕೊಂಡ ಮನೆಯಲ್ಲಿ ನಿದ್ರೆಯೂ ಹಂಚಿಕೆಯಾಗುತ್ತದೆ.